ಯಾರೂ ವಾಸ ಮಾಡದ ಮನೆ

"ಗೋಡೆಗೆ ಒರಗಬೇಡಮ್ಮ, ತಲೆ ಎಣ್ಣೆ ಕಲೆ ಆಗುತ್ತೆ," ಎಂದ ಕನ್ನಡಕದಂಗಡಿಯವನು. ಹೊಸ ಫ್ಲಾಟಿನ ಬರಿ ನೆಲದ ಮೇಲೆ ಕೂತಿದ್ದ ಅವನ ತಾಯಿ ತಲೆಯನ್ನು ಒಂದು ಗೇಣು ಮುಂದಕ್ಕೆ ತಂದಳು. ಕೂರಲು ಕುರ್ಚಿ ಇರಲಿಲ್ಲ. ಕುರ್ಚಿ ಎಳೆದರೆ ನೆಲಕ್ಕೆ ಗೀರು ಬೀಳುತ್ತದೆ ಅಂತ ಅವನು ಒಂದನ್ನೂ ತಂದಿಟ್ಟಿರಲಿಲ್ಲ.

ಮನೆ ಕೊಂಡು ವರ್ಷಗಳೇ ಆಗಿದ್ದವು. ಒಂದು ರಾತ್ರಿಯೂ ಯಾರೂ ಅಲ್ಲಿ ಮಲಗಿರಲಿಲ್ಲ. ಅವರು ಇದ್ದದ್ದು ಅಂಗಡಿಯ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿ. ಅಲ್ಲಿ ಹಗಲಲ್ಲೂ ಲೈಟು ಹಾಕಬೇಕು. ಸ್ವಂತ ಮನೆಗೆ ಭಾನುವಾರ ಬರುವರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವರು, ಕಸ ಗುಡಿಸುವರು, ನಲ್ಲಿಗೆ ತುಕ್ಕು ಹಿಡಿಯದಿರಲೆಂದು ಒಂದಿಷ್ಟು ನೀರು ಬಿಡುವರು, ಬೀಗ ಎಳೆದು ನೋಡಿ ಹೊರಡುವರು. ಒಂದು ಸಲ ಒಲೆ ಹಚ್ಚಿದರೆ ಮನೆ ಸೆಕೆಂಡ್ ಹ್ಯಾಂಡ್, ಆಮೇಲೆ ಹೊಸದರ ರೇಟು ಸಿಗುವುದಿಲ್ಲ ಅನ್ನುವುದು ಅವನ ಲೆಕ್ಕ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತಾಗಿತ್ತು ಹೆಂಡತಿಯ ಪಾಡು. ಈ ಭಾನುವಾರ ತಾಯಿಯೂ ಹಟ ಹಿಡಿದು ಜೊತೆಗೆ ಬಂದಿದ್ದಳು. ಎದೆನೋವಿಂದ ಆಸ್ಪತ್ರೆ ಸೇರಿ ಮೊನ್ನೆಯಷ್ಟೇ ಬಿಡುಗಡೆಯಾಗಿದ್ದವಳು, "ಒಂದು ಗಳಿಗೆ ಆ ಮನೆ ಬಿಸಿಲಲ್ಲಿ ಕೂರ್ತೀನಿ, ಅಷ್ಟೇ," ಅಂದಿದ್ದಳು. ಅವಳ ಬಳೆ ಮಾರಿದ ದುಡ್ಡೂ ಈ ಗೋಡೆಗಳಲ್ಲಿ ಸೇರಿಕೊಂಡಿತ್ತು.

ಹೆಂಡತಿ ಪೊರಕೆ ಮೂಲೆಗಿಟ್ಟು ಬಂದಳು. "ರೀ, ಇವತ್ತು ಮನೆ ನೋಡೋಕೆ ಬರೋ ಗಿರಾಕಿಗೆ ಬೇಡ ಅಂದುಬಿಡಿ. ಅತ್ತೆಗೆ ಇಲ್ಲಿನ ಗಾಳಿ ಬೆಳಕು ಒಗ್ಗುತ್ತೆ. ಮುಖ ನೋಡಿ, ಎಷ್ಟು ಗೆಲುವಾಗಿದೆ. ಈ ತಿಂಗಳೇ ಬಂದುಬಿಡೋಣ."

"ಹುಚ್ಚಾ ನಿನಗೆ? ಕೇಳಿದ ರೇಟು ಕೊಡ್ತೀನಿ ಅಂತಿದಾರೆ. ಇದೊಂದು ಹೋದ್ರೆ ಊರಾಚೆ ಚಿಕ್ಕವು ಎರಡು ಬರ್ತವೆ."

"ಆ ಎರಡರಲ್ಲಾದ್ರೂ ನಾವು ಇರ್ತೀವಾ?"

ಅವನು ಕಿಟಕಿಯ ಗಾಜು ಒರೆಸತೊಡಗಿದ. ಹೆಂಡತಿ ಬಿಡಲಿಲ್ಲ. "ಲಾಭವೇ ಬೇಕಿದ್ರೆ ನಮ್ಮಣ್ಣ ಹೇಳಿದ ಹಾಗೆ ಬ್ಯಾಂಕಲ್ಲೋ ಷೇರಲ್ಲೋ ಹಾಕಬಹುದಿತ್ತು. ಅತ್ಲಾಗೆ ಬಾಡಿಗೆ, ಇತ್ಲಾಗೆ ಸಾಲದ ಕಂತು. ಮನೆ ಅಂತ ತಗೊಂಡ ಮೇಲೆ ಇರೋಕೆ ತಾನೆ?"

"ನಿಮ್ಮಣ್ಣ ಬಿಡು, ಅವನದು ಬರೀ ಪುಸ್ತಕದ ಬದನೆಕಾಯಿ. ಬ್ಯಾಂಕಿನ ಬಡ್ಡಿ ತರಕಾರಿಗೂ ಸಾಲಲ್ಲ. ಷೇರು ಇವತ್ತು ಏರುತ್ತೆ, ನಾಳೆ ಮಕಾಡೆ ಮಲಗುತ್ತೆ. ಚಿನ್ನ ಇಟ್ಟರೆ ಕಳ್ಳರ ಕಾಟ. ಮನೆ ಅಂದ್ರೆ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ."

"ಕೈಗೆ ಸಿಗುತ್ತೆ, ಮುಟ್ಟೋ ಹಾಗಿಲ್ಲ," ಅಂದಳು ತಾಯಿ. ಮೂವರೂ ನಕ್ಕರು. ಅವನು ಕೆಟ್ಟವನೇನಲ್ಲ. ಚಿಕ್ಕಂದಿನಲ್ಲಿ ಬಾಡಿಗೆ ಬಾಕಿಗಾಗಿ ಮಾಲೀಕ ಇವರ ಪಾತ್ರೆ ಪಗಡೆ ಬೀದಿಗೆ ಹಾಕಿಸಿದಾಗ, ತಾಯಿಯ ಸೆರಗು ಹಿಡಿದು ಅವುಗಳ ಪಕ್ಕ ಕಾವಲು ಕೂತವನು. ಅವತ್ತು ಹೊಕ್ಕ ಹೆದರಿಕೆ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಪಾಪ ಅನ್ನಬೇಕು ಅಂಥವನಿಗೆ, ಬೈಯಲೂಬೇಕು.

ಫೋನು ಬಂತು. ಕೈ ಒದ್ದೆಯಾಗಿತ್ತೆಂದು ಅವನು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದ. ಕೊಳ್ಳಲು ಬರುವವರದೇ ದನಿ. "ದಾರಿಯಲ್ಲಿದೀವಿ ಸಾರ್. ಮನೇಲಿ ಯಾರೂ ವಾಸ ಇರಲಿಲ್ಲ ತಾನೆ?"

"ಒಬ್ಬರೂ ಇಲ್ಲ. ಒಲೆ ಕೂಡ ಹಚ್ಚಿಲ್ಲ."

"ಸಾವು ಗೀವು ಏನೂ ಆಗಿಲ್ಲವಲ್ಲ? ತಪ್ಪು ತಿಳ್ಕೋಬೇಡಿ, ನಮ್ಮ ಮನೆಯವರಿಗೆ ಅದೊಂದು ಭಯ. ಅಂಥ ಮನೆ ಅರ್ಧ ರೇಟಿಗೆ ಬಂದ್ರೂ ಬೇಡ ಅಂತಾರೆ."

ಅವನು ಜೋರಾಗಿ ನಕ್ಕ. "ಇಲ್ಲಿ ಯಾರೂ ಬದುಕಿಯೇ ಇಲ್ಲ ಸಾರ್, ಸಾಯೋ ಮಾತೆಲ್ಲಿ ಬಂತು!"

ಫೋನಿಟ್ಟು ತಿರುಗಿದಾಗ ತಾಯಿ ಎದೆ ಹಿಡಿದುಕೊಂಡಿದ್ದಳು. ಹಣೆಯ ತುಂಬ ಬೆವರು. ನೋಡುತ್ತಿದ್ದಂತೆಯೇ ಪಕ್ಕಕ್ಕೆ ವಾಲಿದಳು. ಹೆಂಡತಿ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆಂಬುಲೆನ್ಸಿಗೆ ಫೋನು ಮಾಡಿದಳು. "ಬರ್ತಿದಾರಂತೆ, ಹತ್ತಿರದಲ್ಲೇ ಇದಾರಂತೆ. ಅಲ್ಲೀತನಕ ಅಲುಗಾಡಿಸಲೇಬೇಡಿ ಅಂದ್ರು."

ಅವನು ತಾಯಿಯ ಅಂಗೈ ತಿಕ್ಕಿದ. "ಅಮ್ಮಾ, ಅಮ್ಮಾ," ಅಂದ. ಒಮ್ಮೆ ಬಾಗಿಲ ಕಡೆ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಅವಳ ಬೆನ್ನಿನಡಿ ಕೈ ತೂರಿಸಿದ. "ಕೆಳಗೆ ಕರ್ಕೊಂಡು ಹೋಗ್ತೀನಿ. ಗೇಟ್ ಹತ್ತಿರ ಇರೋಣ."

"ರೀ, ಅಲುಗಾಡಿಸಬೇಡಿ ಅಂದ್ರಲ್ಲ! ಇಲ್ಲೇ ಮಲಗಿರಲಿ!"

"ಇಲ್ಲಿ ಬೇಡ."

"ಯಾಕ್ರೀ ಇಲ್ಲಿ ಬೇಡ?"

ಅವನು ಇನ್ನೊಂದು ಕೈಯನ್ನು ಅವಳ ಮೊಣಕಾಲಿನಡಿ ತೂರಿಸಿದ. ತಾಯಿ ಕಣ್ಣು ತೆರೆದಳು. ಅವಳಿಗೆ ಮಗ ಅರ್ಥವಾಗದೆ ಇದ್ದದ್ದು ಯಾವತ್ತು? ಸಿಕ್ಕಷ್ಟು ಉಸಿರಲ್ಲೇ ತಡೆದು ತಡೆದು ಸೊಸೆಗೆ ಹೇಳಿದಳು: "ಬಿಡಮ್ಮ, ಎತ್ತಲಿ. ಇಲ್ಲೇ ಏನಾದ್ರೂ ಆಗ್ಬಿಟ್ರೆ... ಅವನ ಮನೆ ರೇಟು ಬಿದ್ದೋಗುತ್ತೆ."

"ಛೇ, ಅದಕ್ಕಲ್ಲಮ್ಮಾ," ಅಂದ ಅವನು, ಅಳುತ್ತಲೇ. ಅಷ್ಟು ಹೊತ್ತಿಗೆ ಅವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿಯಾಗಿತ್ತು.