ಮೊರೆಯ ಹಾಡಿನಲ್ಲಿ ಬಿಟ್ಟ ಜಾಗ

ಪ್ರತಿ ಮಾತಿಗೂ ‘ನೋಡಿ, ನೋಡಿ’ ಎನ್ನುತ್ತಿದ್ದ ಡಾಕ್ಟರು ತಾವು ಮಾತ್ರ ಲಿಫ್ಟಿನ ಬಾಗಿಲನ್ನೇ ನೋಡುತ್ತಿದ್ದರು. ಮೇಷ್ಟ್ರ ಹೆಂಡತಿಯ ಹೊಟ್ಟೆ ತೆರೆದು, ಏನನ್ನೂ ಮುಟ್ಟದೆ, ಹೊಲಿದು ಮುಚ್ಚಿದ್ದಾಗಿತ್ತು. ಗಡ್ಡೆ ಎಲ್ಲ ಕಡೆ ಹಬ್ಬಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು, ನಿಮ್ಮ ಮನೆಯವರಿಗೆ ನೀವೇ ನಿಧಾನವಾಗಿ ಹೇಳಿ ಎಂದು ಲಿಫ್ಟ್ ಹತ್ತಿಬಿಟ್ಟರು. ಮೇಷ್ಟ್ರು ವಾರ್ಡಿನ ಕಡೆ ತಿರುಗಿದರು. ನಾಲಿಗೆ ತನ್ನ ಪಾಡಿಗೆ ತಾನು ಆ ‘ನೋಡಿ’ಯ ಅಣಕು ಅಭ್ಯಾಸ ಮಾಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದಂತೆ.

ಕಾಲೇಜಿನಲ್ಲಿ ಅವರು ಹಳೆಯ ಹೀಬ್ರೂ ಧರ್ಮಗ್ರಂಥಗಳ ಪಾಠ ಮಾಡುತ್ತಿದ್ದರು. ಒಂದು ಮನೆಯ ಮಾತು ಅರ್ಥವಾಗದಿದ್ದರೆ ಪಕ್ಕದ ಮನೆಯ ಗೋಡೆಗೆ ಕಿವಿಗೊಡಿ ಎನ್ನುವುದು ಅವರ ಮಂತ್ರ. ಅವುಗಳಲ್ಲಿ ಬರುವ ಮೊರೆಯ ಹಾಡುಗಳ ಪಾಠವೆಂದರೆ ಬೇರೆ ತರಗತಿಯವರೂ ಬಂದು ಕಿಟಕಿಗೆ ಜೋತುಬೀಳುತ್ತಿದ್ದರು. ಹಾಡಿನ ಮೊದಲರ್ಧದಲ್ಲಿ ಭಕ್ತ ಗೋಳಾಡುತ್ತಾನೆ, ಸವೆದ ಮೈ ತೋರಿಸುತ್ತಾನೆ, ನಿನಗೇನು ಕಿವುಡೇ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಮರುಸಾಲಿನಲ್ಲಿ, ನಡುವೆ ಏನೂ ನಡೆಯದೆ, ಕಾಪಾಡಿದೆಯಲ್ಲಾ ಎಂದು ಕೊಂಡಾಡತೊಡಗುತ್ತಾನೆ. ಮೇಷ್ಟ್ರು ಬೋರ್ಡಿನ ಮೇಲೆ ಆ ಎರಡು ಸಾಲುಗಳ ನಡುವೆ ಅಂಗೈಯಗಲ ಜಾಗ ಬಿಟ್ಟು, ಇಲ್ಲಿ ಯಾರೋ ಬಂದು ಹೋಗಿದ್ದಾರೆ ಎನ್ನುತ್ತಿದ್ದರು. ಗುಡಿಯವರು ಯಾರೋ ದೇವರ ಉತ್ತರ ಹೇಳಿದ್ದಾರೆ. ಹಾಡು ಬರೆದಿಟ್ಟವರು ಅದನ್ನು ಬರೆದಿಲ್ಲ. ಆದರೆ ನೆರೆಯ ಅಸ್ಸೀರಿಯಾದವರ ಮಣ್ಣಿನ ಹಲಗೆಗಳಲ್ಲಿ ಅಂಥ ಉತ್ತರಗಳು ಉಳಿದಿವೆ. ರಾಜ ಕಂಗಾಲಾಗಿದ್ದಾಗ ದೇವಿ ಮೈಮೇಲೆ ಬಂದ ಹೆಂಗಸು ಅವನಿಗೆ ಧೈರ್ಯ ಹೇಳಿದ್ದಾಳೆ. ಇಷ್ಟು ವಿವರಿಸಿ ಮೇಷ್ಟ್ರು ಕಣ್ಣುಗುಡ್ಡೆ ಮೇಲೆ ಮಾಡಿ, ಹೊಟ್ಟೆಯಾಳದಿಂದ ಅವಳ ದನಿ ಎತ್ತುತ್ತಿದ್ದರು: “ಹೆದರಬೇಡ. ನಾನಿದ್ದೇನೆ.” ಕಿಟಕಿಯವರೂ ಚಪ್ಪಾಳೆ ತಟ್ಟುತ್ತಿದ್ದರು. ಈ ಆಟದ ತಾಲೀಮು ನಡೆಯುತ್ತಿದ್ದುದು ಅಡುಗೆಮನೆಯಲ್ಲಿ. ಅಳುವ ಭಕ್ತನ ಪಾತ್ರ ಹೆಂಡತಿಯದು. ಕಣ್ಣೀರು ಆಕೆ ಹೆಚ್ಚುತ್ತಿದ್ದ ಈರುಳ್ಳಿಯದು.

ಈಗ ಆಕೆ ಹಸಿರು ಪರದೆಯ ಹಿಂದೆ, ಕೈಗೆ ಚುಚ್ಚಿದ ಕೊಳವೆಯೊಂದಿಗೆ, ಅಂಗಾತ ಮಲಗಿದ್ದಳು. ಡಾಕ್ಟ್ರು ಏನಂದ್ರು ಎಂದು ಕೇಳಿದಳು. ಮೇಷ್ಟ್ರು ಸ್ಟೂಲೆಳೆದು ಕೂತು, ಡಾಕ್ಟರು ಹೇಳಿದ್ದನ್ನು ಬಿಟ್ಟು ಹೇಳಿದ ಬಗೆಯನ್ನು ಮಾತ್ರ ಮಾಡಿ ತೋರಿಸಿದರು. ಕತ್ತು ಓರೆ, ಕಣ್ಣು ಲಿಫ್ಟಿನ ಮೇಲೆ, ನೋಡಿ, ನೋಡಿ. ಆಕೆಗೆ ನಗು ಬಂತು. ನಗಿಸಬೇಡಿ, ಹೊಲಿಗೆ ಎಳೆಯುತ್ತೆ ಎಂದು ಹೊಟ್ಟೆ ಹಿಡಿದುಕೊಂಡಳು.

“ಆ ಹೆದರಬೇಡದವಳನ್ನ ಒಂದ್ಸಲ ಕರೀರಿ,” ಎಂದಳು.

ಮೇಷ್ಟ್ರು ಕಣ್ಣುಗುಡ್ಡೆ ಮೇಲೆ ಮಾಡಿದರು. ದನಿ ಚೆನ್ನಾಗಿಯೇ ಬಂತು. ಪಕ್ಕದ ಪರದೆಯ ಹಿಂದಿನ ಕೆಮ್ಮೂ ಒಂದು ಗಳಿಗೆ ನಿಂತಿತು. ಆಕೆ ನಗಲಿಲ್ಲ.

“ಅವಳ ದನಿ ಸಾಕು ರೀ. ನಿಮ್ಮ ದನೀಲಿ ಹೇಳಿ.”

ಮೇಷ್ಟ್ರು ಬಾಯಿ ತೆರೆದರು. ಗಂಟಲಲ್ಲಿ ಡಾಕ್ಟರಿದ್ದರು, ಮೂಗಿನಲ್ಲೇ ಮಾತಾಡುವ ಪ್ರಿನ್ಸಿಪಾಲರಿದ್ದರು, ಎಂದೋ ತೀರಿಕೊಂಡ ಮಾವನವರ ಕೆಮ್ಮಿತ್ತು, ಮಣ್ಣಿನ ಹಲಗೆಯ ಹೆಂಗಸಿದ್ದಳು. ತಮ್ಮ ದನಿ ಎಲ್ಲಿದೆಯೆಂದು ತಡಕಾಡಿದರು. ಸಿಕ್ಕಿದ್ದರೂ ಅದರಿಂದ ಸುಳ್ಳನ್ನೇ ಹೇಳಿಸಬೇಕಿತ್ತು. ನೀರು ಕುಡೀತೀಯಾ ಎಂದು ಲೋಟ ಎತ್ತಿದವರು, ಆಕೆಗೆ ನೀರು ಕೊಡಬಾರದೆಂದು ನೆನಪಾಗಿ ಕೆಳಗಿಟ್ಟರು.

ಆಕೆ ಆ ಲೋಟವನ್ನೇ ನೋಡುತ್ತಿದ್ದಳು. ಸರಿ ಬಿಡಿ, ಗೊತ್ತಾಯ್ತು ಎಂದಳು. ಆಮೇಲೆ ಎಷ್ಟೋ ಹೊತ್ತು ಫ್ಯಾನಿನ ರೆಕ್ಕೆಗಳ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣಿನ ಅಂಚಿನಿಂದ ಇಳಿದದ್ದು ಕಿವಿಯೊಳಕ್ಕೆ ಹೋಗುತ್ತಿತ್ತು. ಈ ಸಲ ಈರುಳ್ಳಿ ಇರಲಿಲ್ಲ.

“ಇಷ್ಟು ವರ್ಷ ಪಾಠ ತಪ್ಪು ಮಾಡಿದ್ರಿ ಅನ್ಸುತ್ತೆ ರೀ.”

“ಯಾವ ಪಾಠ?”

“ಆ ಖಾಲಿ ಜಾಗ. ಅಲ್ಲಿ ಯಾರೂ ಬಂದಿಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕಡ ತರಬಹುದು. ಅವರಿಗೆ ಬಂದ ಉತ್ತರಾನೂ ತರೋಕಾಗುತ್ತಾ?”

ಹಾಗಾದರೆ ಆ ಭಕ್ತ ಮರುಸಾಲಿನಲ್ಲಿ ಹಾಡಿ ಕೊಂಡಾಡಿದ್ದೇಕೆ ಎಂದು ಮೇಷ್ಟ್ರು ಕೊನೇ ಬೆಂಚಿನ ಹುಡುಗನ ಹಾಗೆ ಮೆಲ್ಲಗೆ ಕೇಳಿದರು. ಹೊರಗೆ ವರಾಂಡದಲ್ಲಿ ಮಗಳ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಔಷಧಿ ತರಲು ಕೆಳಗೆ ಹೋಗಿದ್ದವಳು ಓಡುತ್ತಲೇ ಬರುತ್ತಿದ್ದಳು.

“ಹೊರಗೆ ಅವನ ಮಕ್ಕಳು ಕಾಯ್ತಿದ್ರೇನೋ,” ಎಂದಳು.

ಹೊದಿಕೆಯ ತುದಿಯಿಂದ ಕಣ್ಣು, ಕಿವಿ ಒರೆಸಿಕೊಂಡಳು. ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ದಿಂಬು ಸ್ವಲ್ಪ ಎತ್ತರಿಸಿ ಎಂದು ಸನ್ನೆ ಮಾಡಿದಳು. ಪರದೆ ಸರಿದಾಗ, ಮೇಷ್ಟ್ರು ಎಂದೂ ಕೇಳಿರದ ಹಗುರವಾದೊಂದು ದನಿ ಆ ಮಂಚದಿಂದ ಎದ್ದಿತು.

“ಬಾರೇ. ಇದ್ದಬದ್ದದ್ದೆಲ್ಲ ತೆಗೆದುಹಾಕಿದ್ರಂತೆ. ಬೇಕಾದ್ರೆ ನಿಮ್ಮಪ್ಪನ್ನ ಕೇಳು.”

“ಸದ್ಯ, ದೇವರು ಕಣ್ಬಿಟ್ಟ,” ಎಂದು ಮಗಳು ಔಷಧಿಯ ಚೀಲವನ್ನು ಎದೆಗೊತ್ತಿಕೊಂಡು ಅಪ್ಪನ ಕಡೆ ತಿರುಗಿದಳು. ಅಪ್ಪ ತಲೆಯಾಡಿಸಿದರು. ಹೊದಿಕೆಯ ಕೆಳಗೆ ಅಮ್ಮನ ಕೈ ಅವರ ಮಣಿಕಟ್ಟನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಿತ್ತು.