ತೊಳೆಯದ ಕಾಲು

ಫಾದರ್ ಮೂರನೆಯವರ ಕಾಲು ತೊಳೆಯುವಷ್ಟರಲ್ಲಿ ಪಾಸ್ಕಲ್‌ಗೆ ಎದ್ದು ಓಡಿಬಿಡೋಣ ಅನ್ನಿಸಿತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಚರ್ಚಿನಲ್ಲಿ ಹನ್ನೆರಡು ಜನ ಬಲಗಾಲು ಚಾಚಿ ಕೂರುತ್ತಾರೆ. ತೊಳೆಯುವುದು ಅದೊಂದನ್ನೇ. ಅದಕ್ಕೇ ಪಾಸ್ಕಲ್ ಅದನ್ನು ಮನೆಯಲ್ಲೇ ಬ್ರಷ್ ಹಾಕಿ ತಿಕ್ಕಿ ಬಂದಿದ್ದ. ಎಡಗಾಲು ಶೂ ಒಳಗೇ ಇತ್ತು.

ಅವನು ಕುಡಿದು ಓಡಿಸಿ ಜೀಪು ಮಗುಚಿದಾಗ ಮೂರು ಬೆರಳು ಕಳೆದುಕೊಂಡ ಕಾಲು ಅದು. ಜೊತೆಯಲ್ಲಿದ್ದ ಹೆಂಡತಿ ಲೂಸಿಯ ಕೈಯೂ ಮುರಿದಿತ್ತು. ಆಮೇಲೆ ಅವನು ಕುಡಿದಿರಲಿಲ್ಲ, ಚರ್ಚಿಗೂ ಬಂದಿರಲಿಲ್ಲ. ಈ ಸಲ ಫಾದರೇ ಗೋಣಿಕೊಪ್ಪಲಿನ ಜೀಪ್ ಸ್ಟ್ಯಾಂಡಿಗೆ ಬಂದು ಕರೆದಿದ್ದರು.

“ಏನ್ ಪಾಸ್ಕಲಣ್ಣ, ಹಲ್ಲು ಕೀಳ್ಸಲಿಕ್ಕೆ ಕೂತವ್ರ ಹಾಗೆ ನಡುಗ್ತಿದ್ದೀರಿ?” ಪಕ್ಕದ ಜೆರಾಲ್ಡ್ ಪಿಸುಗುಟ್ಟಿದ.

“ಇಲ್ಲಿ ಕೂರುವ ಯೋಗ್ಯತೆ ನಂಗಿಲ್ಲ ಮಾರಾಯ.”

ಅಷ್ಟರಲ್ಲಿ ಫಾದರ್ ಎದುರಿಗೇ ಬಂದು ಮಂಡಿಯೂರಿ ಅವನ ಬಲಗಾಲು ಹಿಡಿದರು. ಪಾಸ್ಕಲ್ ತಡೆಯಲಾರದೆ ಹೇಳಿಬಿಟ್ಟ: “ಫಾದರ್, ಇದು ತೊಳ್ದು ತಂದ ಕಾಲು.”

ಫಾದರ್ ನಕ್ಕರು. “ಹಾಗಾದ್ರೆ ತೊಳೀದೇ ಇರೋದು ಕೊಡಿ. ನಾನು ನೀರು ತಂದಿರೋದು ಮತ್ತೆ ಯಾಕೆ?”

ಪಾಸ್ಕಲ್ ಲೂಸಿ ಕೂತಿದ್ದ ಕಡೆ ನೋಡಿದ. ಆಮೇಲೆ ಬಗ್ಗಿ, ಎಡಗಾಲಿನ ಶೂ ಲೇಸ್ ಬಿಚ್ಚಿ, ಎರಡೇ ಬೆರಳಿನ ಪಾದವನ್ನು ಎಲ್ಲರೆದುರು ಫಾದರ್ ಅಂಗೈ ಮೇಲೆ ಇಟ್ಟ.