ಸೂಜಿ ತೂತು

ಎಂಟನೆಯದನ್ನೂ ಬಾಯಿಂದ ಊದಿ, ಗಂಟು ಹಾಕಿ, ಪಂಕ್ಚರಣ್ಣ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದ. ಗುಳ್ಳೆ ಬರಲಿಲ್ಲ. ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದ. ಅಲ್ಲೂ ಇಲ್ಲ. ಮೊದಲಿನ ಏಳು ಕಾಂಡೋಮ್‌ಗಳು ಉಬ್ಬಿಕೊಂಡು, ಒದ್ದೆ ಮೈ ಹೊಳೆಸುತ್ತ ಹಳೆ ಟೈರುಗಳ ಮೇಲೆ ಸಾಲಾಗಿ ಕೂತಿದ್ದವು. ಮಟಮಟ ಮಧ್ಯಾಹ್ನ, ಅಂಗಡಿಯ ಷಟರ್ ಅರ್ಧ ಇಳಿದಿತ್ತು.

ಒಂದೂ ಸೋರುತ್ತಿಲ್ಲ ಎಂದರೆ ಮನುಷ್ಯ ಖುಷಿಪಡಬೇಕು. ಆದರೆ ಅವನ ತಲೆಗೆ ಹೊಕ್ಕಿದ್ದ ಹುಳ ಅಷ್ಟು ಸುಲಭದ್ದಲ್ಲ. ಹತ್ತರ ಪೆಟ್ಟಿಗೆಯಲ್ಲಿ ಮೊದಲನೆಯದು ಭಾನುವಾರವೇ ಟೈಲರಮ್ಮನ ಮನೆಯಲ್ಲಿ ಬಳಕೆಯಾಗಿ ಕಸದ ಬುಟ್ಟಿ ಸೇರಿತ್ತು. ಪರೀಕ್ಷೆ ಮಾಡಿದ್ದನ್ನು ಬಳಸಿರಲಿಲ್ಲ, ಬಳಸಿದ್ದನ್ನು ಪರೀಕ್ಷೆ ಮಾಡಿರಲಿಲ್ಲ. ಸೋಮವಾರದಿಂದ ಅಲ್ಲಿ ಇಲ್ಲಿ ತುರಿಸಿದ ಹಾಗೆ, ಗಂಟಲು ಕೆರೆದ ಹಾಗೆ. ಮೊಬೈಲಿನಲ್ಲಿ ಹುಡುಕಿದರೆ ಲೋಕದಲ್ಲಿರುವ ಕಾಯಿಲೆಗಳೆಲ್ಲ ತನಗೇ ಬಂದಂತೆ ಕಂಡು ಜೀವ ಬಾಯಿಗೆ ಬಂದಿತ್ತು.

ನಿನ್ನೆ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದ.

"ಹರಿದಿತ್ತಾ?" ಎಂದು ಅವರು ಕೇಳಿದ್ದರು.

"ಇಲ್ಲ ಸಾರ್."

"ಜಾರಿತ್ತಾ?"

"ಇಲ್ಲ ಸಾರ್."

"ಮತ್ತೆ ಯಾಕಪ್ಪಾ ಮುಖ ಹಿಂಗೆ ಮಾಡ್ಕೊಂಡಿದ್ದೀಯ? ತುಂಬಾ ಕಡಿಮೆ ರಿಸ್ಕು. ಮನಸ್ಸು ತಡೀದಿದ್ರೆ ಇಬ್ರೂ ಒಂದು ಟೆಸ್ಟ್ ಮಾಡಿಸ್ಕೊಳ್ಳಿ."

"ನೂರಕ್ಕೆ ನೂರು ಏನೂ ಆಗಲ್ಲ ಅಂತೀರಾ?"

"ಮೊನ್ನೆ ನನ್ನ ಕಾರಿಗೆ ಪ್ಯಾಚ್ ಹಾಕಿದ್ಯಲ್ಲ, ಅದಕ್ಕೆ ನೂರಕ್ಕೆ ನೂರು ಅಂತೀಯಾ ನೀನು?"

ಪಂಕ್ಚರಣ್ಣ ಎದ್ದು ಬಂದಿದ್ದ.

ಹತ್ತೊಂಬತ್ತು ವರ್ಷ ರಬ್ಬರಿನ ಜೊತೆ ಸಂಸಾರ ಮಾಡಿದವನ ಕಷ್ಟ ಡಾಕ್ಟರಿಗೇನು ಗೊತ್ತು? ಕಣ್ಣಿಗೆ ಕಾಣುವ ತೂತು ಅವನ ಪಾಲಿಗೆ ತೂತೇ ಅಲ್ಲ. ಟೈಲರಮ್ಮ ಹತ್ತಿರವಾದದ್ದೂ ಕಾಣದ ತೂತಿನಿಂದಲೇ. ಎರಡು ಅಂಗಡಿ ಆಚೆ ಬಟ್ಟೆ ಹೊಲಿಯುವ ಆಕೆಯ ಸ್ಕೂಟರು ಒಂದೇ ತಿಂಗಳಲ್ಲಿ ನಾಲ್ಕು ಸಲ ಪಂಕ್ಚರ್ ಆಗಿತ್ತು. ನಾಲ್ಕನೆಯ ಸಲ ಅವನಿಗೆ ಹೊಳೆಯಿತು: ಇದು ಮೊಳೆಯ ತೂತಲ್ಲ, ಸೂಜಿಯದು. ತಲೆಯೆತ್ತಿ ನೋಡಿದರೆ ಆಕೆ ನಗು ತಡೆಯಲು ತುಟಿ ಕಚ್ಚಿಕೊಂಡು ನಿಂತಿದ್ದಳು. ಅಲ್ಲಿಂದ ಭಾನುವಾರದವರೆಗೆ ಎಲ್ಲ ಸಲೀಸಾಗಿ ಬಂದಿತ್ತು. ಅವನ ನಾಲಿಗೆ ಮಾತ್ರ ಇನ್ನೂ "ನೀವು" ಬಿಟ್ಟು ಕೆಳಗಿಳಿದಿರಲಿಲ್ಲ. ಟೆಸ್ಟಿನ ಮಾತೆತ್ತಿದರೆ ಆಕೆ ಎದ್ದು ಹೋಗಿಬಿಟ್ಟರೆ? ಆ ಭಯ ಕಾಯಿಲೆಯ ಭಯಕ್ಕಿಂತ ದೊಡ್ಡದು. ಅದಕ್ಕೇ ಬಾಯಿ ಮುಚ್ಚಿಕೊಂಡು ತೊಟ್ಟಿಯ ಮುಂದೆ ಕೂತಿದ್ದ.

ಷಟರ್ ಸರ್ರನೆ ಮೇಲೆದ್ದಿತು.

"ಏನಿದು, ಯಾರದಾದ್ರೂ ಬರ್ತ್‌ಡೇನಾ?"

ಟೈಲರಮ್ಮ! ಅವನು ಎಂಟನೆಯದನ್ನು ಅಂಗಿಯೊಳಗೆ ತುರುಕಲು ಹೋದ. ಅದು ಜಾರಿ, ಪುಟಿದು, ಹೋಗಿ ಆಕೆಯ ಕಾಲ ಬಳಿಯೇ ನಿಂತಿತು. ಆಕೆ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ರಬ್ಬರು ಸರಿಯಿದ್ಯಾ ಅಂತ... ನೋಡ್ತಿದ್ದೆ," ಎಂದು ತೊದಲಿದ.

"ರಬ್ಬರು ಸರಿಯಿದ್ಯಾ ಅಂತಲೋ, ನಾನು ಸರಿಯಿದ್ದೀನಾ ಅಂತಲೋ?"

ಅವನ ಮುಖ ಹುಳ್ಳಗಾಯಿತು. ಆಕೆಯ ನಗುವೂ ಆರಿತು, ನಿಜಕ್ಕೂ ನೋವಾಗಿತ್ತು. ಬ್ಯಾಗಿಗೆ ಕೈಹಾಕಿ, ಮಡಚಿದ ಕಾಗದವೊಂದನ್ನು ತೆಗೆದು ಅವನ ಕೈಗಿತ್ತಳು. ಲ್ಯಾಬಿನ ರಿಪೋರ್ಟು. ತಾರೀಕು ಭಾನುವಾರಕ್ಕೆ ನಾಲ್ಕು ದಿನ ಮುಂಚಿನದು.

"ಎಲ್ಲಾ ನೆಗೆಟಿವ್. ನೀನು ಕೇಳ್ತೀಯ, ತೋರಿಸೋಣ ಅಂತ ಅವತ್ತಿಂದ ಬ್ಯಾಗಲ್ಲೇ ಇಟ್ಕೊಂಡು ಓಡಾಡ್ತಿದ್ದೀನಿ. ಎಲ್ಲಿ, ನಿನ್ನದು ತೋರಿಸು."

"ನನ್ನದಾ? ನಾನು... ಮಾಡಿಸಿಲ್ಲ."

"ಯಾವತ್ತೂ?"

"ಯಾವತ್ತೂ."

"ನಿನಗೇನು ನಾನೇ ಮೊದಲನೇಳಾ?"

ಅವನು ತೊಟ್ಟಿಯ ನೀರು ನೋಡಿದ.

"ಹಾಗಾದ್ರೆ ಮೂರು ದಿನದಿಂದ ನಿದ್ದೆಗೆಡಬೇಕಾಗಿದ್ದೋಳು ನಾನು ಕಣಯ್ಯಾ!"

ಊರವರ ಟ್ಯೂಬುಗಳನ್ನೆಲ್ಲ ಮುಳುಗಿಸಿ ನೋಡಿದವನಿಗೆ ಈ ತೂತು ಇಷ್ಟು ದಿನ ಕಂಡೇ ಇರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ. "ತಪ್ಪಾಯ್ತು. ನೀವು ಬೇಜಾರು ಮಾಡ್ಕೋಬೇಡಿ," ಎಂದ.

"ಬೇಜಾರು ಆಮೇಲೆ. ಮೊದಲು ಕೈ ತೊಳ್ಕೊ, ನಡಿ ಲ್ಯಾಬಿಗೆ." ಹೊರಡುವ ಮುಂಚೆ ಆಕೆ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಒಂದನ್ನು ಎತ್ತಿಕೊಂಡಳು. "ಇದು ನನ್ನ ಹತ್ರ ಇರ್ಲಿ. ಇಲ್ಲಿದ್ರೆ ಇದನ್ನೂ ಮುಳುಗಿಸ್ತೀಯ."

ಲ್ಯಾಬಿನಾಕೆ ಅವನ ತೋಳಿಗೆ ಪಟ್ಟಿ ಬಿಗಿದಳು. "ರಿಪೋರ್ಟ್ ನಾಳೆ ಬರುತ್ತೆ. ಕೆಲವು ವಾರ ಬಿಟ್ಟು ಇನ್ನೊಂದ್ಸಲ ಬನ್ನಿ," ಎನ್ನುತ್ತ ಸೂಜಿ ಎತ್ತಿದಳು. ಪಂಕ್ಚರಣ್ಣ ಸೂಜಿ ನೋಡಲಾರದೆ ಮುಖ ಪಕ್ಕಕ್ಕೆ ತಿರುಗಿಸಿದ.

ಪಕ್ಕದ ಕುರ್ಚಿಯಲ್ಲಿ ಟೈಲರಮ್ಮ ಬ್ಯಾಗಿನಿಂದ ತನ್ನ ಸೂಜಿ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಆ ಕೊನೆಯ ಪೊಟ್ಟಣವನ್ನು ಜೋಪಾನವಾಗಿ ಅದರೊಳಗೆ ಇಡುತ್ತಿದ್ದಳು.

"ರಿಪೋರ್ಟ್ ಬರೋವರೆಗೂ ಇಲ್ಲಿರ್ಲಿ," ಎಂದು ತುಟಿ ಕಚ್ಚಿಕೊಂಡಳು.

ತೋಳಿಗೆ ಸೂಜಿ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಏ, ಅದರೊಳಗೆ ಬೇಡ ಕಣೇ!"